ಗಂಟಲ ಮೇಲೆ ಬೆರಳಿಟ್ಟು ಕಲಿತ ಮಾತು

ನನ್ನ ಬಾಯಿಗೆ ಹಕಾರ ಬರುತ್ತಿರಲಿಲ್ಲ. ನಮ್ಮ ಕೈಲಾಂಚದ ಕಡೆ ಯಾರ ಬಾಯಿಗೆ ಬರುತ್ತೆ? ಹಾಲು ನಮಗೆ ಆಲು, ಹಳ್ಳಿ ಅಳ್ಳಿ. ಅದರಿಂದ ಹಾಲೇನೂ ಒಡೆದುಹೋಗಿರಲಿಲ್ಲ. ಆದರೆ ರಾಮನಗರದ ರೇಷ್ಮೆ ತರಬೇತಿ ಶೆಡ್ಡಿನ ಅಧಿಕಾರಿಗೆ ಅದೇ ದೊಡ್ಡ ತಲೆನೋವು. ಅಲ್ಲಿ ನಾನು ಐದು ವರ್ಷ ದಿನಗೂಲಿಯಲ್ಲಿ ರೇಷ್ಮೆಗೂಡಿನ ನೂಲು ಬಿಚ್ಚುವುದನ್ನು ಕಲಿಸಿದ್ದೆ. ಈಗ ಕಾಯಂ ಹುದ್ದೆಯೊಂದು ಬಂದಿತ್ತು.

"ಒಂದು ತಿಂಗಳ ತರಬೇತಿಗೆ ವಿದೇಶದ ತಂಡ ಬರ್ತಿದೆ. ಕೊನೆ ದಿನ ಅತಿಥಿಗಳ ಎದುರು ವಿವರಣೆ ಕೊಡಬೇಕು. ಅಷ್ಟರಲ್ಲಿ ಉಚ್ಚಾರ ಸರಿ ಮಾಡ್ಕೊಂಡ್ರೆ ಹುದ್ದೆ ನಿಮ್ಮದು" ಎಂದರು.

ಆಗ ಬಿಡದಿಯ ಸುತ್ತ ಕಾರ್ಖಾನೆಗಳೆದ್ದು, ನಮ್ಮ ಹೆಣ್ಣುಮಕ್ಕಳೆಲ್ಲ ಕಂಪನಿ ಬಸ್ಸು ಹತ್ತುತ್ತಿದ್ದರು. ನಾನು ಹತ್ತದೆ ಉಳಿದದ್ದೇ ಈ ಹುದ್ದೆಯ ಆಸೆಗೆ.

ತಂಡ ವಿಯೆಟ್ನಾಮಿನದು. ಅದರಲ್ಲಿ ಒಬ್ಬಳು ಬೆಟ್ಟಸೀಮೆಯವಳು, ಮನೆಮಾತು ಜರಾಯ್. ಉಳಿದವರ ಮಾತು ರಾಗದಂತೆ ಏರಿಳಿಯುತ್ತಿತ್ತು. ಅದೇ ಮಾತಾಡಿದರೂ ಇವಳದರಲ್ಲಿ ಆ ರಾಗವಿಲ್ಲ. ಪದದ ತಲೆಯನ್ನು ನುಂಗಿ ಕೊನೆಗೆ ಒತ್ತು ಕೊಡುತ್ತಿದ್ದಳು. ಅವಳು ಬಾಯಿಬಿಟ್ಟರೆ ಅವಳ ಜೊತೆಯವರೇ ಮುಸಿಮುಸಿ ನಗುತ್ತಿದ್ದರು. ನನಗೆ ಮೈ ಉರಿಯಿತು. ಆ ನಗು ನನಗೆ ಗೊತ್ತಿಲ್ಲದ್ದೇ?

ನೂಲು ಸುತ್ತುವ ರಾಟೆಯ ಸದ್ದಿನಲ್ಲಿ ತಂಡದ ದುಭಾಷಿಯ ಮಾತು ಯಾರಿಗೆ ಕೇಳಬೇಕು? ಅವಳು ನನ್ನ ಬಾಯನ್ನೇ ನೋಡಿ ಕಲಿತಳು. ಬಿಸಿನೀರಿನಲ್ಲಿ ಗೂಡು ಬರಿದಾಗಿ ಎಳೆ ತೆಳ್ಳಗಾದರೆ "ಇನ್ನೊಂದ್ ಗೂಡು ಆಕವ್ವ" ಅನ್ನುತ್ತಿದ್ದೆ. ಕೂಡಲೇ ಅವಳ ಬೆರಳು ಹೊಸ ಎಳೆ ಸೇರಿಸುತ್ತಿತ್ತು.

ಬದಲಿಗೆ ಅವಳೂ ನನಗೊಂದು ಪದ ಕಲಿಸಿದಳು: ಬುಹ್. ನೋಡು ಎಂದರ್ಥ. ಅವರಲ್ಲಿ ಬಕಾರ ಎರಡು. ಒಂದು ನಮ್ಮದರಂತೆ, ಈ ಪದದಲ್ಲಿರುವ ಇನ್ನೊಂದಕ್ಕೆ ಗಂಟಲು ಕೆಳಗಿಳಿದು ಉಸಿರು ಒಳಗೆ ಎಳೆದಂತಾಗಬೇಕು. ತುಟಿ ನೋಡಿದರೆ ಎರಡೂ ಒಂದೇ. ಅದಕ್ಕೇ ನನ್ನ ಬೆರಳನ್ನು ತನ್ನ ಗಂಟಲ ಮೇಲೆ ಇರಿಸಿಕೊಂಡು ಹೇಳಿದಳು. ಗಂಟಲು ಕುಸಿದದ್ದು ಬೆರಳಿಗೆ ತಿಳಿಯಿತು. ಕೊನೆಗೊಂದು ಹಕಾರ, ಬರೀ ಉಸಿರು. ನಾನು ಅದನ್ನು ನುಂಗಿದರೆ ತಲೆಯಾಡಿಸಿ ಮತ್ತೆ ಹೇಳಿಸುತ್ತಿದ್ದಳು. ನಗುತ್ತಿರಲಿಲ್ಲ.

ಸಮಾರಂಭದ ಹಿಂದಿನ ದಿನ ಅಧಿಕಾರಿ ನನ್ನಿಂದ ವಿವರಣೆಯ ಕಾಗದ ಓದಿಸಿ ನೋಡಿದರು. ಎರಡನೇ ಸಾಲಿಗೇ ಕಾಗದ ಕಿತ್ತುಕೊಂಡು ಆಫೀಸಿನ ಹುಡುಗಿಗೆ ಕೊಟ್ಟರು. ನನಗೆ ಹಿಂದಿನ ಸಾಲಿನ ಕುರ್ಚಿ.

ಮಾರನೆಯ ದಿನ ವೇದಿಕೆಯಲ್ಲಿ ನನ್ನ ಜರಾಯ್ ಶಿಷ್ಯೆಯ ಮುಂದೆ ರಾಟೆ ತಿರುಗಿತು. ಮೈಕಿನ ಮಾತು ಮೊದಲು, ಅವಳ ಕೈ ಆಮೇಲೆ ಎಂದು ಅಧಿಕಾರಿಯದೇ ಕಟ್ಟಪ್ಪಣೆ. ಆಫೀಸಿನ ಹುಡುಗಿ ಮೈಕಿನಲ್ಲಿ ಓದಿದಳು: "ತಂತು ಕ್ಷೀಣಿಸಿದಾಗ ನೂತನ ಗೂಡಿನ ಎಳೆಯನ್ನು ಸಂಯೋಜಿಸತಕ್ಕದ್ದು." ನನ್ನ ಶಿಷ್ಯೆ ಕಣ್ಣು ಪಿಳಿಪಿಳಿ ಬಿಟ್ಟಳು. ಹುಡುಗಿ ಮತ್ತೆ ಓದಿದಳು. ಎಳೆ ತೆಳ್ಳಗಾಗುತ್ತಲೇ ಇತ್ತು. ಶಿಷ್ಯೆ ಅತಿಥಿಗಳ ತಲೆಗಳ ನಡುವೆ ನನ್ನನ್ನು ಹುಡುಕಿದಳು.

ನಾನು ಎದ್ದು ನಿಂತೆ. "ಎಳೆ ತೆಳ್ಗಾಯ್ತು ಕಣವ್ವ! ಇನ್ನೊಂದ್ ಗೂಡು ಆಕು!"

ಅವಳ ಕೈ ಚಕ್ಕನೆ ಆಡಿತು. ಎಳೆ ಉಳಿಯಿತು. ಅತಿಥಿಗಳು ಚಪ್ಪಾಳೆ ತಟ್ಟಿದರು.

ಹುದ್ದೆ ಓದಿದವಳಿಗೇ ಹೋಯಿತು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು.

"ಒಂದು ತಿಂಗಳಿತ್ತಲ್ಲಮ್ಮ, ಒಂದು ಹಕಾರ ಕಲಿಯೋಕಾಗ್ಲಿಲ್ವೇ?" ಎಂದರು ಅಧಿಕಾರಿ.

ನಾನು ಅವರನ್ನೇ ದಿಟ್ಟಿಸಿದೆ. ಗಂಟಲು ಇಳಿಸಿ, ಕೊನೆಯ ಹಕಾರದ ಉಸಿರನ್ನು ಪೂರ್ತಿ ಬಿಟ್ಟು ಹೇಳಿದೆ: "ಬುಹ್."

"ಏನಂದ್ರಿ?"

"ನೋಡು ಅಂದೆ, ಸಾರ್. ಕಲಿಸೋರು ಕಲಿಸುದ್ರೆ ನಂಗೂ ಬತ್ತದೆ."