ಮಾವನ ಮಂಚದ ಮೇಲಿನ ತೂಗುದೀಪ

ನಮ್ಮ ಅತ್ತೆ ಟೈಲರ್. ಕೂತ ಸ್ಟೂಲಿನಿಂದ ಏಳುವುದೆಂದರೆ ಅವರಿಗೆ ಆಗಿಬರದು. ಲಂಗದ ಅಂಚಿಗೆ ಗುರುತು ಹಾಕುವಾಗ ಗಿರಾಕಿಯ ಸೊಂಟ ಹಿಡಿದು, "ತಿರುಗಮ್ಮ, ಇನ್ನೊಂಚೂರು ತಿರುಗು" ಎನ್ನುತ್ತ ಬುಗುರಿಯ ಹಾಗೆ ತಿರುಗಿಸುತ್ತಿದ್ದರು. ಎಂಥ ಜಂಬದ ಹೆಂಗಸೂ ಅವರ ಮುಂದೆ ತೆಪ್ಪಗೆ ತಿರುಗಬೇಕು. ನಾನಂತೂ ತಿರುಗಿ ತಿರುಗಿ ತಲೆ ಸುತ್ತಿ ಅವರ ಮೇಲೇ ಬಿದ್ದಿದ್ದೇನೆ.

ಮಾವ ಬಸ್ ಡ್ರೈವರ್. ಹಳೇ ಹೋಟೆಲೊಂದನ್ನು ಕೆಡವುವಾಗ ಅಲ್ಲಿದ್ದ ಸ್ಫಟಿಕದ ತೂಗುದೀಪವನ್ನು ಆಸೆಪಟ್ಟು ಕೊಂಡು ತಂದರು. ಮನೆಯೋ ಬೆಂಕಿಪೊಟ್ಟಣ, ದೀಪ ನೋಡಿದರೆ ಅರಮನೆಯದು. "ಇದನ್ನ ಒಳಗೆ ತೂಗಹಾಕಿ ನಾವು ಬೀದೀಲಿ ಮಲಗೋಣ್ವಾ?" ಎಂದು ಅತ್ತೆ ರೇಗಿದರು. ಆದರೂ ನಡುಮನೆಯ ತೊಲೆಗೆ ಕಬ್ಬಿಣದ ಸರಳು ಬಿಗಿದು, ಅದರ ತುದಿಯ ತಿರುಪಿಗೆ ದೀಪ ಕೂರಿಸಿದ್ದಾಯಿತು. ಕರೆಂಟು ಕೊಡಲೇ ಇಲ್ಲ. ಕಿಟಕಿಯ ಬಿಸಿಲು ಬಿದ್ದರೆ ಸಾಕು, ಗೋಡೆ ತುಂಬ ಬಣ್ಣ.

ಆಮೇಲೆ ಮಾವನಿಗೆ ಪಾರ್ಶ್ವವಾಯು ಹೊಡೆಯಿತು. ಬಲಭಾಗ ಹೋಯಿತು, ಮಾತೂ ಹೋಯಿತು. ನೋಡುತ್ತ ಮಲಗಿರಲಿ, ಪಾಪ, ಇನ್ನೇನು ಸುಖ ಉಳಿದಿದೆ ಎಂದು ಅತ್ತೆ ಅವರ ಮಂಚವನ್ನು ದೀಪದ ಕೆಳಗೇ ಹಾಕಿಸಿದರು. ವಾರವಾರವೂ ಮಂಚದ ಪಕ್ಕ ಸ್ಟೂಲ್ ಹತ್ತಿ ನಿಂತು ಒಂದೊಂದೇ ಹರಳು ಒರೆಸುತ್ತಿದ್ದರು. ಇಳಿದು ಸುತ್ತಿ ಬರುವ ಜಾಯಮಾನ ಅಲ್ಲವಲ್ಲ, ದೀಪವನ್ನೇ ತಿರುಗಿಸಿಕೊಳ್ಳುತ್ತಿದ್ದರು. ಯಾವಾಗಲೂ ಒಂದೇ ಕಡೆಗೆ.

ಬರಬರುತ್ತ ಮಾವ ದೀಪದತ್ತ ಎಡಗೈ ಎತ್ತಿ "ಆ... ಆ..." ಎನ್ನತೊಡಗಿದರು. ಅತ್ತೆಗೆ ಹಿಗ್ಗೋ ಹಿಗ್ಗು. "ನೋಡೇ, ಇದು ತಿರುಗಿದ್ರೆ ನಿಮ್ಮ ಮಾವಂಗೆ ಅದೆಷ್ಟು ಖುಷಿ! ಇನ್ನೊಂದ್ಸಲ ತಿರುಗಿಸ್ಲಾ ರೀ?" ಎಂದು ಮತ್ತೊಂದು ಸುತ್ತು ತಿರುಗಿಸುತ್ತಿದ್ದರು. ಮಾವನ ಕಣ್ಣಲ್ಲಿ ನೀರು ಬಂದರೆ ಅಂಗೈಯಿಂದ ಒರೆಸಿ ತಾವೂ ಅಳುತ್ತಿದ್ದರು.

ಆ ದಿನ ಬೆಳಗ್ಗೆ ದೀಪ ಒರೆಸಿ ಮುಗಿಸಿ, ಹೊರಗಿನ ಕೋಣೆಯಲ್ಲಿ ನನ್ನ ಲಂಗಕ್ಕೆ ಗುಂಡುಪಿನ್ನು ಚುಚ್ಚುತ್ತಿದ್ದರು. ಒಳಗೆ ಏನೋ ದೊಪ್ಪೆಂದಿತು. "ಬೆಕ್ಕಿರ್ಬೇಕು, ನೀನು ಅಲ್ಲಾಡ್ಬೇಡ" ಎಂದು ಅತ್ತೆ ಇನ್ನೊಂದು ಪಿನ್ನು ಚುಚ್ಚಿದರು. ಅಷ್ಟರಲ್ಲಿ ಇಡೀ ಮನೆಯೇ ಕುಸಿದಂಥ ಸದ್ದು. ಜೀವ ಬಾಯಿಗೆ ಬಂದು ಇಬ್ಬರೂ ಒಳಗೆ ಓಡಿದೆವು.

ಮಂಚದ ತುಂಬ ಗಾಜು. ದೀಪದ ಹಿತ್ತಾಳೆಯ ಕಂಬಿ ದಿಂಬನ್ನು ಸೀಳಿಕೊಂಡು ಹಲಗೆಯಲ್ಲಿ ನಾಟಿತ್ತು. ಆಗ ಗೋಡೆಯ ಬುಡದಿಂದ "ಆ..." ಎಂದು ಕೇಳಿಸಿತು. ಮಾವ! ಮಗ್ಗುಲು ಬದಲಿಸಲೂ ಇನ್ನೊಬ್ಬರು ಬೇಕಾಗಿದ್ದ ಮನುಷ್ಯ, ಒಂದೇ ಕೈಯಲ್ಲಿ ಮಂಚದ ಅಂಚು ಹಿಡಿದೆಳೆದು ನೆಲಕ್ಕೆ ಉರುಳಿ, ಗೋಡೆಯವರೆಗೆ ತೆವಳಿದ್ದರು.

ಅತ್ತೆ ಮೇಲೆ ನೋಡಿದರು. ಸರಳು ಮುರಿದಿರಲಿಲ್ಲ, ಕಿತ್ತೂ ಬಂದಿರಲಿಲ್ಲ. ತುದಿಯ ತಿರುಪು ಮಾತ್ರ ಬರಿದಾಗಿ ಹೊಳೆಯುತ್ತಿತ್ತು. ವಾರವಾರವೂ ಅದನ್ನು ಸುತ್ತು ಸುತ್ತಾಗಿ ಬಿಚ್ಚುತ್ತ ಬಂದವರು ಇವರೇ. ಕೆಳಗೆ ಮಲಗಿ ಅದು ಇಳಿಯುವುದನ್ನು ನೋಡುತ್ತಿದ್ದವರು ಮಾವ.

"ನೀವು ಹೇಳ್ತಾನೇ ಇದ್ರಿ... ಅಲ್ವೇನ್ರೀ?" ಅತ್ತೆ ಗಾಜಿನ ಚೂರುಗಳ ಮೇಲೇ ಕುಸಿದು ಕೂತು ಕೇಳಿದರು.

ಮಾವ ಹೌದೆಂದು ತಲೆಯಾಡಿಸಿದರು.

ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಈಗ ಅತ್ತೆ ಯಾರನ್ನೂ ತಿರುಗಿಸುವುದಿಲ್ಲ. ಮೊಣಕಾಲೂರಿ ಗಿರಾಕಿಯ ಸುತ್ತ ತಾವೇ ತೆವಳುತ್ತಾರೆ. ಒಳಗಿನಿಂದ "ಆ..." ಎಂದರೆ ಸಾಕು, ಪಿನ್ನು ಬಾಯಲ್ಲಿ ಕಚ್ಚಿಕೊಂಡೇ ಎದ್ದು ಓಡುತ್ತಾರೆ.