ವಟ್ವಾದಲ್ಲಿ ಸಿಕ್ಕ ಜರ್ಮನ್ ಶಬ್ದ

ಅಹಮದಾಬಾದಿನ ಸ್ಯಾಟಲೈಟ್‌ನಲ್ಲಿರುವ ಮಂದಾಕಿನಿಬಾಯಿಯವರ ಫ್ಲ್ಯಾಟಿನಲ್ಲಿ ಜರ್ಮನ್ ನಿಘಂಟುಗಳು ಎಷ್ಟಿವೆಯೆಂದರೆ, ಅವು ಬಂದಮೇಲೆ ಇಡೀ ಕಟ್ಟಡ ಪಡುವಣಕ್ಕೆ ಒಂದು ಗೇಣು ವಾಲಿದೆ. ಆದರೂ ಯಂತ್ರಗಳ ಕೈಪಿಡಿಯನ್ನು ಇಂಗ್ಲಿಷಿನಿಂದ ಜರ್ಮನ್ನಿಗೆ ಅನುವಾದಿಸುವಾಗ ಈ ಧಾರವಾಡದ ಹೆಣ್ಣುಮಗಳು ಮೊದಲು ನಿಘಂಟು ತೆರೆದವರಲ್ಲ. ಕೆಲಸವನ್ನು ಕಣ್ಣಾರೆ ನೋಡಬೇಕು, ಶಬ್ದ ಆಮೇಲೆ. ವಾಲ್ವ್ ನೋಡಲು ವಡೋದರಾಕ್ಕೂ ಮಗ್ಗ ನೋಡಲು ಸೂರತ್ತಿಗೂ ಹೋಗಿ ಬಂದವರು.

ಹೋದ ವರ್ಷ ಅವರ ಹದಿನೆಂಟು ವರ್ಷದ ಕೆಲಸಕ್ಕೇ ಕುತ್ತು ಬಂತು. ಬಣ್ಣ ಕಲಸುವ ಯಂತ್ರ ತಯಾರಿಸುವ ವಟ್ವಾದ ಕಾರ್ಖಾನೆಯ ಮ್ಯಾನೇಜರ್ ಕಿರಣ್‌ಭಾಯಿ ಒಂದೇ ಕೈಪಿಡಿಯನ್ನು ಇವರಿಗೂ ಕೊಟ್ಟ, ಕಂಪ್ಯೂಟರಿಗೂ ಕೊಟ್ಟ. ಬರುವ ಸೋಮವಾರ ಜರ್ಮನಿಯ ಗಿರಾಕಿ ಯಾರ ಅನುವಾದ ಒಪ್ಪುತ್ತಾನೋ, ಮುಂದಿನ ಕೆಲಸವೆಲ್ಲ ಅವರದೇ.

ಕಂಪ್ಯೂಟರ್ ನಾಲ್ಕು ನಿಮಿಷದಲ್ಲಿ ಮುಗಿಸಿತು. ಮಂದಾಕಿನಿಬಾಯಿ ನಾಲ್ಕು ದಿನದಲ್ಲಿ ಉಳಿದದ್ದೆಲ್ಲ ಮುಗಿಸಿ, ಒಂದೇ ಶಬ್ದದ ಮುಂದೆ ಕೂತುಬಿಟ್ಟರು. ಪಾತ್ರೆಯನ್ನು ನಿಧಾನವಾಗಿ ‘ಚಾರ್ಜ್’ ಮಾಡಿ ಎಂದಿತ್ತು. ಮೊಬೈಲಿಗೆ ಚಾರ್ಜ್, ಕಳ್ಳನ ಮೇಲೆ ಚಾರ್ಜ್, ಹೋಟೆಲಿನವನದೂ ಚಾರ್ಜ್. ಜರ್ಮನ್ನಿನಲ್ಲಿ ಒಂದೊಂದಕ್ಕೂ ಬೇರೆ ಶಬ್ದ. ಇಲ್ಲಿ ಬಣ್ಣದ ಪುಡಿ ತುಂಬುವುದೆಂದು ಅವರಿಗೆ ಗೊತ್ತಿತ್ತು. ಹೇಗೆ ತುಂಬುತ್ತಾರೆಂದು ಗೊತ್ತಿರಲಿಲ್ಲ.

ಬಾಹ್ಯಾಕಾಶ ಸಂಸ್ಥೆಯಿಂದ ನಿವೃತ್ತರಾದ ಪತಿ ದಿವಾಕರರು, ಆ ದಿನದಿಂದ ಉಯ್ಯಾಲೆ ಬಿಟ್ಟು ಇಳಿಯದವರು, ಕೂತಲ್ಲಿಂದಲೇ ಅಂದರು: “ರಾಕೆಟ್ ಹಾರ್ಸಲಿಕ್ಕೂ ನಾವು ಇಷ್ಟು ವಿಚಾರ ಮಾಡಿದ್ದಿಲ್ಲ. ತುಂಬೂದು ಅಂತ ಬರದು ಕಳಸು.”

“ನೋಡದ ಬರದ್ರ ಸುಳ್ಳ ಬರದಂಗ್ರಿ.”

ಶನಿವಾರ ಆಟೋ ಹಿಡಿದು ವಟ್ವಾಕ್ಕೆ ಹೋದರು. ಬಣ್ಣದ ಪುಡಿ ಹಾರಿ ಅಲ್ಲಿಯ ಕಾಗೆಗಳು ಸೋಮವಾರ ನೀಲಿ, ಮಂಗಳವಾರ ಕೆಂಪು. ಯಂತ್ರ ಪರೀಕ್ಷಿಸುತ್ತಿದ್ದ ಹಳೆಯ ಕೆಲಸಗಾರ ರಮಣಿಕ್‌ಭಾಯಿ ಚೀಲವನ್ನು ಸುರಿಯಲಿಲ್ಲ. ಒಂದು ಮೊಗೆ ಕಡುಗೆಂಪು ಪುಡಿ ಹಾಕಿದ, ಅದು ಕರಗುವವರೆಗೆ ಕಾದ, ಮತ್ತೊಂದು ಮೊಗೆ ಹಾಕಿದ.

“ಎಲ್ಲ ಒಮ್ಮೆಗೇ ಹಾಕಿದರೆ ಗಂಟು ಕಟ್ಟುತ್ತದೆ ಬೆಹೆನ್, ಕಡಲೆಹಿಟ್ಟಿನ ಹಾಗೆ.”

ನಲವತ್ತು ವರ್ಷ ಆ ಹಿಟ್ಟಿನ ಝುಣಕ ಮಾಡಿದ ಕೈಗೆ ಇನ್ನೇನು ಹೇಳಬೇಕು? ಮೊಗೆ ಇಸಿದುಕೊಂಡು ತಾವೇ ಹತ್ತು ಸಲ ಹಾಕಿ ನೋಡಿದರು. ಮನೆಗೆ ಬಂದು ‘ಪೋರ್ಟ್ಸಿಯೋನ್ಸ್‌ವೈಝೆ ಐನ್‌ಫ್ಯುಲ್ಲೆನ್’, ಪಾಲು ಪಾಲಾಗಿ ತುಂಬಿ, ಎಂದು ಬರೆದರು.

ಸೋಮವಾರ ವಿಡಿಯೋ ಕಾಲಿನಲ್ಲಿ ಗಿರಾಕಿಯ ಕಡೆಯ ಜರ್ಮನ್ ಎಂಜಿನಿಯರ್ ಎರಡೂ ಪ್ರತಿ ಓದಿದ. ಕಂಪ್ಯೂಟರಿನದರಲ್ಲಿ ಪಾತ್ರೆಗೆ ನಿಧಾನವಾಗಿ ಕರೆಂಟು ಕೊಡಬೇಕಿತ್ತು. ಆತ ಮುಖದ ಗೆರೆ ಅಲುಗದಂತೆ, ಪ್ಲಗ್ ಎಲ್ಲಿದೆ ಎಂದ. ಇವರ ಪ್ರತಿಯ ಆ ಸಾಲು ಬಂದಾಗ ಕನ್ನಡಕ ತೆಗೆದ. ಇಂಗ್ಲಿಷಿನಲ್ಲಿ ಬರಿ ನಿಧಾನವಾಗಿ ಎಂದಿದೆ, ಪಾಲು ಪಾಲಾಗಿ ಎಂಬುದು ನಿಮಗೆ ಹೇಗೆ ಗೊತ್ತು ಎಂದು ಕೇಳಿದ.

ಮಂದಾಕಿನಿಬಾಯಿ ಕ್ಯಾಮೆರಾದ ಮುಂದೆ ಎರಡೂ ಅಂಗೈ ಎತ್ತಿ ಹಿಡಿದರು. ಎರಡು ದಿನ ತಿಕ್ಕಿದರೂ ಹೋಗದ ಕಡುಗೆಂಪು. ಆ ಕೆಂಪಿಗೆ ಜರ್ಮನಿಯಲ್ಲಿ ಆ ಬೆಳಿಗ್ಗೆ ಸೂರ್ಯ ಎರಡು ಸಲ ಹುಟ್ಟಿದನಂತೆ.

ಕಿರಣ್‌ಭಾಯಿ ಅಂದೇ ಕರಾರು ಬರೆದುಕೊಟ್ಟ: ಎಲ್ಲ ಕೈಪಿಡಿಯೂ ಅವರವೇ, ಬರೆಯುವ ಮೊದಲು ಯಂತ್ರ ತೋರಿಸುವುದು ಕಾರ್ಖಾನೆಯ ಹೊಣೆ, ಕಾರು ಮನೆ ಬಾಗಿಲಿಗೆ. ಸುದ್ದಿ ಕೇಳಿ ದಿವಾಕರರು ಉಯ್ಯಾಲೆಯಿಂದ ಇಳಿದು ಚಹಾ ಮಾಡಿದರು. ಸಕ್ಕರೆಯನ್ನು ಮಾತ್ರ ಒಮ್ಮೆಗೇ ಸುರಿದಿದ್ದರು.