ರೇಂಜ್ ಸಿಗುವ ತಿರುವು

ಬೈಕಿನಲ್ಲಿ ಆಲ್ದೂರಿನಿಂದ ಬರುತ್ತಿದ್ದಾಗ ತಿರುವಿನಲ್ಲಿ ಜೀಪೊಂದು ನನ್ನ ಬದಿಗೇ ನುಗ್ಗಿತು. ಓಡಿಸುತ್ತಿದ್ದವರ ಒಂದು ಕೈ ಸ್ಟೀರಿಂಗ್ ಮೇಲೆ, ಇನ್ನೊಂದು ಕೈಯಲ್ಲಿ ಫೋನು. ನಾನು ಬೈಕ್ ಸಮೇತ ಚರಂಡಿಗೆ ಇಳಿದು, ಕಾಫಿ ಗಿಡವೊಂದನ್ನು ತಬ್ಬಿಕೊಂಡು ಬದುಕಿದೆ.

ಜೀಪಿನಿಂದ ನರೆಮೀಸೆಯ ಹಿರಿಯರೊಬ್ಬರು ಓಡಿ ಬಂದರು. ಫೋನು ಆಗಲೂ ಕಿವಿಯಲ್ಲೇ ಇತ್ತು. "ಒಂದ್ನಿಮಿಷ ಇರಿ, ಇಲ್ಲೊಬ್ರು ಬಿದ್ದಿದ್ದಾರೆ" ಎಂದು ಅದಕ್ಕೆ ಹೇಳಿ ನನ್ನತ್ತ ತಿರುಗಿದರು. "ಎಂಥ ಮಾಡೋದು ಮಾರಾಯ್ರೆ, ಈ ದಾರೀಲಿ ರೇಂಜ್ ಸಿಗೋದು ಇದೊಂದು ತಿರುವಲ್ಲೇ."

ಜೀವಕ್ಕಿಂತ ಫೋನು ಹೆಚ್ಚಾಯಿತೇ ಎಂದು ಶುರುಮಾಡಿ ಕಾನೂನು, ನಾಗರಿಕತೆ ಎಲ್ಲವನ್ನೂ ಅವರಿಗೆ ಬೋಧಿಸಿದೆ. ಅವರು ತಲೆತಗ್ಗಿಸಿ ಕೇಳಿದರು. ಅಷ್ಟರಲ್ಲಿ ನನ್ನ ಹೆಲ್ಮೆಟ್ಟಿನೊಳಗೆ ಸಿಕ್ಕಿಸಿದ್ದ ಫೋನಿನಿಂದ ಹೆಂಡತಿಯ ದನಿ ಜೋರಾಗಿ ಬಂತು: "ರೀ, ನನ್ನ ಹತ್ರ ಮಾತಾಡ್ತಾ ಮಾತಾಡ್ತಾ ಯಾರಿಗೆ ಭಾಷಣ ಮಾಡ್ತಿದ್ದೀರಿ?"

ಹಿರಿಯರು ತಲೆ ಎತ್ತಿದರು. "ಓ, ನಿಮಗೂ ಇಲ್ಲೇ ರೇಂಜ್ ಸಿಕ್ತಾ?"

ಇಬ್ಬರೂ ಸೇರಿ ಬೈಕನ್ನು ಮೇಲೆತ್ತಿದೆವು. ಆ ಕರೆಯನ್ನು ಯಾವಾಗ ತೆಗೆದುಕೊಂಡೆನೋ ನನಗೆ ನೆನಪಿಲ್ಲ. ಜೀಪು ನನ್ನ ಬದಿಗೆ ನುಗ್ಗಿತು ಎಂದು ಮೇಲೆ ಬರೆದಿದ್ದೇನೆ. ನಾನೇ ಅದರ ಬದಿಗೆ ಹೋಗಿದ್ದೆನೇ ಎಂದು ಯಾರಾದರೂ ಕೇಳಿದರೆ, ಇಲ್ಲವೆಂದು ಆಣೆ ಮಾಡಲಾರೆ.